ಟ್ರಂಪೆಟ್ ಮೇಷ್ಟ್ರುಗಳ ಬೇಸಿಗೆ ಕಛೇರಿ: ಒಬ್ಬೊಬ್ಬರ ಮುಂದೆ ನಾಲ್ಕು ವಾದ್ಯ ಯಾಕೆ?

ಕೇಳುಗ_ಕೆಂಗೇರಿ
ಪ್ರಶ್ನೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಎನ್‌ಫೀಲ್ಡ್‌ನಲ್ಲಿ, ಶೇಕರ್ ಅನ್ನೋ ಕ್ರೈಸ್ತ ಪಂಥದವರ ಹಳೇ ನೆಲೆಯಲ್ಲಿ, ಚೋಸನ್ ವೇಲ್ ಅಂತ ಟ್ರಂಪೆಟ್ ಶಿಬಿರ ನಡೆದುಕೊಂಡು ಬಂದಿದೆ. ಎಡ್ವರ್ಡ್ ಕ್ಯಾರೊಲ್ ಮುನ್ನಡೆಸಿದ್ದು. ಇಂಥ ಶಿಬಿರಗಳಲ್ಲಿ ಹಗಲೆಲ್ಲ ಪಾಠ, ಸಂಜೆ ಮೇಷ್ಟ್ರುಗಳದ್ದೇ ಕಛೇರಿ. ಈ ಥರದ ಕಛೇರಿಗಳ ವಿಡಿಯೊ ನೋಡಿದರೆ ಒಬ್ಬೊಬ್ಬರ ಪಕ್ಕ ಮೂರು ನಾಲ್ಕು ಟ್ರಂಪೆಟ್ ನಿಂತಿರುತ್ತವೆ. ಒಂದು ಕೃತಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು. ನಮ್ಮ ನಾಗಸ್ವರದವರು ಒಂದೇ ವಾದ್ಯದಲ್ಲಿ ಇಡೀ ಉತ್ಸವ ಮುಗಿಸಲ್ವಾ? ವಾಲ್ವ್ (ಬೆರಳಲ್ಲಿ ಒತ್ತಿ ಕೊಳವೆಯ ಉದ್ದ ಬದಲಿಸೋ ಗುಂಡಿ) ಇದ್ದಮೇಲೆ ಎಲ್ಲ ಸ್ವರವೂ ಬರಲೇಬೇಕು. ಹಾಗಾದ್ರೆ ಇದು ಶೋಕಿನಾ, ಅಗತ್ಯನಾ? ಇನ್ನೊಂದು, ಒಂದೂವರೆ ಗಂಟೆ ಬರೀ ಟ್ರಂಪೆಟ್ಟೇ ಕೇಳಿದರೆ ತಲೆನೋವು ಬರಲ್ವಾ?

ಹಿತ್ತಾಳೆ_ಕಿವಿ
ತಲೆನೋವು ಬರೋದು ವಾದ್ಯದ ಬಾಯಿಯ ನೇರಕ್ಕೆ ಕೂತವರಿಗೆ. ಟ್ರಂಪೆಟ್‌ನ ಬೆಲ್ ಯಾವ ಕಡೆ ತಿರುಗಿದೆಯೋ ಆ ಕಡೆಗೇ ಚೂಪು ನಾದವೆಲ್ಲ ನುಗ್ಗುತ್ತೆ. ಆರೇಳು ಸಾಲು ಹಿಂದಕ್ಕೆ, ಸ್ವಲ್ಪ ಪಕ್ಕಕ್ಕೆ ಕೂತು ನೋಡಿ.

ಪಿಸ್ಟನ್_ಪಾಪಣ್ಣ
ಶೋಕಿ ಅಲ್ಲ ಸ್ವಾಮಿ. ವಾಲ್ವ್ ಇದ್ದರೆ ಎಲ್ಲ ಸ್ವರ ಬರುತ್ತೆ ಅನ್ನೋದು ನಿಜ. ಆದರೆ ಬರೋದು ಬೇರೆ, ನೂರು ಜನರ ಮುಂದೆ ಧೈರ್ಯವಾಗಿ ಊದೋದು ಬೇರೆ.

ಲೆಕ್ಕ ನೋಡಿ. ಮಾಮೂಲಿ ಬಿ-ಫ್ಲಾಟ್ ಟ್ರಂಪೆಟ್ಟನ್ನು ನೆಟ್ಟಗೆ ಬಿಡಿಸಿದರೆ ಸುಮಾರು 148 ಸೆಂ.ಮೀ. ಕೊಳವೆ. ಪಿಕೊಲೊ ಟ್ರಂಪೆಟ್ ಅದರರ್ಧ, 74. ಕೊಳವೆ ಎಷ್ಟೇ ಉದ್ದ ಇರಲಿ, ವಾಲ್ವ್ ಮುಟ್ಟದೆ ಸಿಗೋದು ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಇರುವ ಸ್ವರಗಳು. ಇವನ್ನ ಮೆಟ್ಟಿಲು ಅನ್ನೋಣ. ಕೆಳಗೆ ಇವು ದೂರ ದೂರ, ಮೇಲೆ ಹೋದಹಾಗೆ ಒತ್ತೊತ್ತು. ಟೆಲೆಮನ್ ಅನ್ನೋ ಜರ್ಮನ್ ಸಂಯೋಜಕನ ಡಿ ಮೇಜರ್ ಕನ್ಚರ್ಟೊ (ಒಂಟಿ ವಾದ್ಯ, ಜೊತೆಗೆ ಆರ್ಕೆಸ್ಟ್ರಾ) ಥರದ ಕೃತಿಗಳಲ್ಲಿ ಬರುವ ಮೇಲಿನ ಡಿ ಸ್ವರ ಸೆಕೆಂಡಿಗೆ ಸುಮಾರು 1175 ಕಂಪನ. ಬಿ-ಫ್ಲಾಟ್ ವಾದ್ಯದಲ್ಲಿ ಅದು 10ನೇ ಮೆಟ್ಟಿಲು. 9ನೇದು, 11ನೇದು ಎರಡೂ ಹೆಚ್ಚುಕಮ್ಮಿ ಒಂದೊಂದು ಪೂರ್ಣ ಸ್ವರದ ಅಂತರದಲ್ಲೇ ಇರುತ್ತವೆ. ತುಟಿ ಒಂದೆಳೆ ಸಡಿಲಾದರೆ ಪಕ್ಕದ ಮನೆ ಬಾಗಿಲು ತಟ್ಟಿದ ಹಾಗೆ. ಪಿಕೊಲೊದಲ್ಲಿ ಅದೇ ಡಿ 5ನೇ ಮೆಟ್ಟಿಲು, ಅಕ್ಕಪಕ್ಕ ಬೇಕಾದಷ್ಟು ಜಾಗ. ಗುರಿ ತಪ್ಪೋ ಸಂಭವ ಕಮ್ಮಿ.

ಸಾದಾ_ಸೀದಾ
ಅಂದ್ರೆ ಪಿಕೊಲೊದಲ್ಲಿ ಮೇಲಿನ ಸ್ವರ ಊದೋದು ಸುಲಭ ಅಂತಾಯ್ತು.

ಪಿಸ್ಟನ್_ಪಾಪಣ್ಣ
ಇಲ್ಲ ಇಲ್ಲ, ಎಲ್ಲರೂ ಎಡವೋದೇ ಇಲ್ಲಿ. ವಾದ್ಯ ಯಾವುದಾದರೂ ತುಟಿ 1175 ಸಲ ಕಂಪಿಸಲೇಬೇಕು. ದೊಡ್ಡ ಟ್ರಂಪೆಟ್‌ನಲ್ಲಿ ಆ ಸ್ವರ ಹತ್ತಿಸಲಾಗದವರಿಗೆ ಪಿಕೊಲೊದಲ್ಲೂ ಹತ್ತಲ್ಲ. ಸಿಗೋದು ಖಾತರಿ ಮಾತ್ರ. ಅದರ ಮೇಲೆ ಪಿಕೊಲೊದ ಮೌತ್‌ಪೀಸ್ (ತುಟಿ ಇಡೋ ತುಂಡು) ಬಟ್ಟಲು ಆಳ ಕಮ್ಮಿ, ಉಸಿರು ಹಿಡಿಯೋದೂ ಕಮ್ಮಿ. ದೊಡ್ಡ ವಾದ್ಯಕ್ಕೆ ತಳ್ಳೋ ಹಾಗೆ ತಳ್ಳಿದರೆ ಉಸಿರು ಒಳಗೇ ಕಟ್ಟಿಕೊಂಡು ಸ್ವರ ಹಿಂಡಿದ ಹಾಗಾಗುತ್ತೆ.

ಇನ್ನೊಂದು ಸಣ್ಣ ವಿಷಯ: ಡಿ ಮೇಜರ್ ಕೃತಿಗೆ ಪಿಕೊಲೊದ ಮುಂಗೊಳವೆ (ಮೌತ್‌ಪೀಸ್ ಕೂರೋ ಕೊಳವೆ) ಬದಲಾಯಿಸಿ ಎ ಶ್ರುತಿಗೆ ಇಳಿಸಿಕೊಳ್ತಾರೆ. ಆಗ ಬೆರಳಿಗೆ ಅದು ಎಫ್ ಮೇಜರ್, ಸಲೀಸು. ಬಿ-ಫ್ಲಾಟ್‌ನಲ್ಲೇ ಇಟ್ಟುಕೊಂಡರೆ ಇ ಮೇಜರ್, ನಾಲ್ಕು ಶಾರ್ಪು (ಅರ್ಧ ಸ್ವರ ಏರಿಸಿದವು), ಬೆರಳಿಗೆ ತೊಡಕು.

ಮಲಪ್ರಭಾ_ಬ್ರಾಸ್
ಪಾಪಣ್ಣಾರ ಮಾತಿಗೆ ಒಂದು ಕೂಡಸ್ತೀನ್ರಿ. ಬಾಖ್, ಟೆಲೆಮನ್ ಕಾಲದಾಗ, ಅಂದ್ರ 18ನೇ ಶತಮಾನದ ಮೊದಲರ್ಧದಾಗ, ವಾಲ್ವೇ ಇದ್ದಿಲ್ಲ. ಅದು ಬಂದದ್ದು 1810ರ ದಶಕದಾಗ, ಸ್ಟೋಲ್ಟ್ಸೆಲ್ ಮತ್ತ ಬ್ಲೂಮೆಲ್ ಅನ್ನೋ ಇಬ್ಬರಿಂದ. ಈಗಿನ ಪಿಸ್ಟನ್ ಪೆರಿನೆ ಮಾಡಿದ್ದು, 1839ರ ಸುಮಾರಿಗೆ ಪ್ಯಾರಿಸ್‌ನಾಗ. ಅದಕ್ಕೂ ಮೊದಲಿನ ಟ್ರಂಪೆಟ್ ಅಂದ್ರ ಈಗಿನದಕ್ಕಿಂತ ಒಂದೂವರಿ, ಎರಡು ಪಟ್ಟು ಉದ್ದದ ಸಾದಾ ಕೊಳವಿ.

ನಮ್ಮ ಸ್ವರದಾಗ ಹೇಳಬೇಕಂದ್ರ 4ನೇ ಮೆಟ್ಟಲಾ ಷಡ್ಜ, 5 ಅಂತರ ಗಾಂಧಾರ, 6 ಪಂಚಮ, 7 ಕೈಶಿಕಿ ನಿಷಾದಕ್ಕಿಂತ ಒಂಚೂರು ಇಳಿದದ್ದು, 8 ಮತ್ತ ಷಡ್ಜ. ರಿಷಭ ಸಿಗೋದು 9ರಾಗ. ಸ ರಿ ಗ ಅಂತ ಸಾಲಾಗಿ ಊದಬೇಕಂದ್ರ 8ರ ಮ್ಯಾಲ ಹತ್ತಲೇಬೇಕು. ಬಾಖ್ ಅಷ್ಟು ಎತ್ತರಕ್ಕ ಬರದದ್ದು ಹಟಕ್ಕಲ್ಲ, ರಾಗ ಅಲ್ಲೇ ಸಿಗ್ತದ ಅಂತ. 11ನೇದು ನೋಡ್ರಿ, ಶುದ್ಧ ಮಧ್ಯಮಾನೂ ಅಲ್ಲ, ಪ್ರತಿ ಮಧ್ಯಮಾನೂ ಅಲ್ಲ, ನಟ್ಟನಡುವ ನಿಂತದ. 13ನೇದರ ಕಥಿನೂ ಅಷ್ಟ, ಎರಡು ಧೈವತದ ನಡುವ. ಇವನ್ನ ತುಟಿಲೇ ಜಗ್ಗಿ ಸ್ವರಕ್ಕ ತರಬೇಕು.

ಬ್ಯಾಟರಿ_ಟ್ಯೂನರ್
ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗೇ ಕೇಳೋ ಸ್ವಯಂಭು ಗಾಂಧಾರವೂ ಇದೇ 5ನೇ ಮೆಟ್ಟಿಲೇ ಅಲ್ವಾ?

ಮಲಪ್ರಭಾ_ಬ್ರಾಸ್
ಹೌದ್ರಿ, ಅದೇ. ಪಿಯಾನೊದ ಗಾಂಧಾರಕ್ಕಿಂತ 14 ಸೆಂಟ್ ಕೆಳಗ (ಅರ್ಧ ಸ್ವರ ಅಂದ್ರ 100 ಸೆಂಟ್). ಅದಕ್ಕ ಪಿಯಾನೊ ಜೋಡಿ ಊದೋರು ಆ ಸ್ವರಕ್ಕ ಒಮ್ಮೊಮ್ಮೆ ವಾಲ್ವ್ ಒತ್ತದ ಊದೋದು ಬಿಟ್ಟು, 1 ಮತ್ತ 2 ಒತ್ತಿ ಊದ್ತಾರ.

ರಂಧ್ರ_ವಿರೋಧಿ
"ತುಟಿಲೇ ಜಗ್ಗಿ" ಅಂದಿರಿ, ಸಂತೋಷ. ಆದರೆ ಇವತ್ತು ವೇದಿಕೆ ಮೇಲೆ ಕಾಣೋ ಬಹುತೇಕ ಬರೋಕ್ (ಬಾಖ್ ಕಾಲದ ಮಾದರಿಯ) ಟ್ರಂಪೆಟ್‌ಗಳ ಕೊಳವೆಯಲ್ಲಿ ಮೂರೋ ನಾಲ್ಕೋ ಸಣ್ಣ ತೂತು ಇರುತ್ತೆ. ಬೆರಳು ಎತ್ತಿದರೆ 11, 13 ಸರಿಹೋಗುತ್ತೆ. ಈ ತೂತುಗಳು 1960ರ ಆಸುಪಾಸಿನ ಸೇರ್ಪಡೆ, ಬಾಖ್‌ನ ಕಾಲದ್ದಲ್ಲ. ಜಾನ್-ಫ್ರಾಂಸ್ವಾ ಮದಫ್ ಥರದವರು ತೂತಿಲ್ಲದೇ ಊದಿ ತೋರಿಸಿದ್ದಾರೆ. ಉಳಿದವರದ್ದು ಪ್ರಾಚೀನ ವೇಷ, ಅಷ್ಟೇ.

ಪಿಸ್ಟನ್_ಪಾಪಣ್ಣ
ಶುರುವಾಯ್ತು. ಹಗಲೆಲ್ಲ ಪಾಠ ಮಾಡಿ, ತಾನೇ ಊದಿ ತೋರಿಸಿ, ಸಂಜೆ ದಣಿದ ತುಟಿಯಲ್ಲಿ ವೇದಿಕೆ ಹತ್ತೋ ಮೇಷ್ಟ್ರಿಗೆ ಎರಡು ತೂತು ಜಾಸ್ತಿ ಆದರೆ ನಿಮ್ಮ ಗಂಟೇನು ಹೋಯ್ತು? ಕೇಳುಗನಿಗೆ ಬೇಕಿರೋದು ಉದ್ದ ಕೊಳವೆಯ ನಾದ. ಅದು ತೂತಿದ್ದರೂ ಮುಕ್ಕಾಲು ಪಾಲು ಸಿಗುತ್ತೆ.

ರಂಧ್ರ_ವಿರೋಧಿ
ಆ ಕಾಲು ಪಾಲೇ ವಿಷಯ ಸ್ವಾಮಿ. ತೂತು ತೆರೆದ ಕ್ಷಣ ಬಣ್ಣ ಬದಲಾಗುತ್ತೆ, ಕಿವಿಗೆ ಗೊತ್ತಾಗುತ್ತೆ.

ಹಿತ್ತಾಳೆ_ಕಿವಿ
ಇಬ್ಬರೂ ಬೇರೆ ಎಳೆ ತೆಗೆದುಕೊಂಡು ಜಗಳ ಆಡಿ, ನಾವೂ ಬರ್ತೀವಿ.

ಸರಿಗಮ_ತುತ್ತೂರಿ
ತೂತಿನ ಮಾತು ಬಂದಿದ್ದರಿಂದ ಹೈಡನ್ ಅನ್ನೋ ಸಂಯೋಜಕನ ಬಗ್ಗೆ ಹೇಳಲೇಬೇಕು. ಟ್ರಂಪೆಟ್ ಶಿಬಿರ ಅಂದಮೇಲೆ ಅವನ ಇ-ಫ್ಲಾಟ್ ಕನ್ಚರ್ಟೊ ಕಛೇರಿಯಲ್ಲಿ ಇಲ್ಲದಿದ್ದರೂ ಪಾಠದಲ್ಲಂತೂ ಬಂದೇ ಬರುತ್ತೆ. 1796ರಲ್ಲಿ ಬರೆದದ್ದು, ಆಂಟನ್ ವೈಡಿಂಗರ್ ಅನ್ನೋ ವಿಯೆನ್ನಾದ ವಾದಕನಿಗಾಗಿ. ವೈಡಿಂಗರ್‌ನ ವಾದ್ಯದಲ್ಲಿ ಪಕ್ಕದ ರಂಧ್ರಗಳನ್ನು ತೆರೆಯೋ ಕೀಲಿಗಳಿದ್ದವು. ಅದನ್ನು ಪಳಗಿಸೋಕೆ ಅವನಿಗೆ ಸಮಯ ಬೇಕಾಯ್ತು, ಸಾರ್ವಜನಿಕವಾಗಿ ನುಡಿಸಿದ್ದು 1800ರ ಮಾರ್ಚ್ 28ಕ್ಕೆ.

ಕೇಳುವಾಗ ಒಂದು ಜಾಗ ಗಮನಿಸಿ. ಆರ್ಕೆಸ್ಟ್ರಾ ಪೀಠಿಕೆ ಹಾಕುವಾಗ ಟ್ರಂಪೆಟ್ ನಡುವೆ ಒಂದೆರಡು ಸಾದಾ ಕೂಗು ಹಾಕಿ ಸುಮ್ಮನಾಗುತ್ತೆ. ಯಾವ ಹಳೇ ಟ್ರಂಪೆಟ್ಟಾದರೂ ಊದಬಹುದಾದ ಸ್ವರಗಳು. ಆಮೇಲೆ ನಿಜವಾದ ಪ್ರವೇಶ: ಕೆಳಸ್ಥಾಯಿಯಲ್ಲೇ ಸ, ರಿ, ಗ. ಆ ರಿಷಭ ಇದೆಯಲ್ಲ, 4 ಮತ್ತು 5ನೇ ಮೆಟ್ಟಿಲ ನಡುವಿನದು, ಅದು ಸಾದಾ ಕೊಳವೆಯಲ್ಲಿ ಇರಲೇ ಇಲ್ಲ. ಅಂದಿನ ವಿಯೆನ್ನಾದವರಿಗೆ ಬೆರಗಾಗೋಕೆ ಆ ಒಂದು ಸ್ವರ ಸಾಕಿತ್ತು. ಎರಡನೇ ಭಾಗ ಎ-ಫ್ಲಾಟ್ ಮೇಜರ್‌ನಲ್ಲಿ ಹಾಡಿನ ಹಾಗೆ ಹರಿಯುತ್ತೆ. ಅದೂ ಸಾದಾ ಇ-ಫ್ಲಾಟ್ ಟ್ರಂಪೆಟ್‌ಗೆ ಎಟುಕದ್ದು.

ಇವತ್ತು ವೃತ್ತಿಪರರು ಹೆಚ್ಚಾಗಿ ಇ-ಫ್ಲಾಟ್ ಟ್ರಂಪೆಟ್‌ನಲ್ಲೇ ಊದ್ತಾರೆ, ಬೆರಳಿಗೆ ಸಿ ಮೇಜರ್. ಬಿ-ಫ್ಲಾಟ್‌ನಲ್ಲಿ ಊದಿದರೆ ನಾದ ತುಂಬಿಕೊಂಡಿರುತ್ತೆ, ಆದರೆ ಮೂರನೇ ಭಾಗದ ಓಟದಲ್ಲಿ ಭಾರ ಅನ್ನಿಸುತ್ತೆ. ಅಂದಹಾಗೆ ಹುಮ್ಮೆಲ್ 1803ರಲ್ಲಿ ಅದೇ ವೈಡಿಂಗರ್‌ಗೆ ಬರೆದ ಕನ್ಚರ್ಟೊ ಮೂಲದಲ್ಲಿ ಇ ಮೇಜರ್. ಬಹಳ ಜನ ಅದನ್ನು ಅರ್ಧ ಸ್ವರ ಇಳಿಸಿ ಇ-ಫ್ಲಾಟ್‌ನಲ್ಲಿ ನುಡಿಸ್ತಾರೆ.

ಕೇಳುಗ_ಕೆಂಗೇರಿ
ವಾದ್ಯಗಳ ವಿಷಯ ಅರ್ಥವಾಯ್ತು. ಹೊಸ ಸಂಶಯ. ಬೆರಿಯೊ ಅನ್ನೋರ ಕೃತಿಯ ವಿಡಿಯೊ ಒಂದರಲ್ಲಿ ಪಿಯಾನೊ ಮುಂದೆ ಕೂತವರು ಕೊನೆವರೆಗೂ ಒಂದು ಸ್ವರವನ್ನೂ ನುಡಿಸಲಿಲ್ಲ. ಟ್ರಂಪೆಟ್‌ನವರು ಆಗಾಗ ಪಿಯಾನೊ ಹೊಟ್ಟೆಯೊಳಗೆ ಊದ್ತಿದ್ರು. ಏನದು ಅವಸ್ಥೆ?

ಕೈವಾರ_ಕಾಂಟೆಂಪರರಿ
ಸೆಕ್ವೆನ್ಸಾ 10. 1984ರದ್ದು, ಟ್ರಂಪೆಟ್ ವಾದಕ ಥಾಮಸ್ ಸ್ಟೀವನ್ಸ್‌ಗೆ ಬರೆದದ್ದು. ಪಿಯಾನೊದವರು ಸುಮ್ಮನೆ ಕೂತಿರಲ್ಲ. ಸದ್ದಾಗದ ಹಾಗೆ ಕೀಲಿಗಳನ್ನು ನಿಧಾನ ಒತ್ತಿ ಹಿಡೀತಾರೆ. ಒತ್ತಿದ ಕೀಲಿಯ ತಂತಿ ಮೇಲಿನ ಒತ್ತು ಎದ್ದಿರುತ್ತೆ, ತಂತಿ ಬಿಡುವಾಗಿರುತ್ತೆ. ಟ್ರಂಪೆಟ್ ಪಿಯಾನೊ ಕಡೆ ಬೆಲ್ ತಿರುಗಿಸಿ ಊದಿದಾಗ ಯಾವ ತಂತಿಗೆ ಆ ಕಂಪನ ಹೊಂದುತ್ತೋ ಅದು ತಾನೇ ಮಿಡಿಯುತ್ತೆ. ಟ್ರಂಪೆಟ್ ನಿಂತಮೇಲೂ ಅದರ ನೆರಳಿನ ಹಾಗೆ ಒಂದು ನಾದ ಉಳಿದುಕೊಳ್ಳುತ್ತೆ. ಕೇಳಬೇಕಾದ್ದು ಅದನ್ನ.

ಎಡವಟ್ಟಾಗೋ ಕಡೆ ಮೂರು. ಕೀಲಿ ಬೇಗ ಒತ್ತಿದರೆ ಸುತ್ತಿಗೆ ತಾಗಿ ಟಣ್ ಅನ್ನುತ್ತೆ, ಎಲ್ಲ ಹಾಳು. ಬೆಲ್ ತಂತಿಗಳಿಂದ ದೂರ ಇದ್ದರೆ ಮಿಡಿತ ಸಾಲಲ್ಲ. ಪಿಯಾನೊ ಶ್ರುತಿಗೂ ಟ್ರಂಪೆಟ್ ಶ್ರುತಿಗೂ ಹತ್ತು ಹದಿನೈದು ಸೆಂಟ್ ವ್ಯತ್ಯಾಸ ಬಂದರೆ ತಂತಿ ಮಿಡಿಯೋದೇ ಕಮ್ಮಿಯಾಗುತ್ತೆ. ಸುಮಾರು 15 ನಿಮಿಷದ ಕೃತಿ, ತುಟಿಗೆ ಬಿಡುವು ಇಲ್ಲವೇ ಇಲ್ಲ ಅನ್ನಬಹುದು. ನಾಲಗೆ ಉರುಳಿಸೋದು, ಒಂದೇ ಸ್ವರಕ್ಕೆ ಬೇರೆ ಬೇರೆ ವಾಲ್ವ್ ಒತ್ತಿ ಬಣ್ಣ ಬದಲಿಸೋದು, ಎಲ್ಲ ಬರುತ್ತೆ.

ಸಾದಾ_ಸೀದಾ
ಇದನ್ನ ಸಂಗೀತ ಅಂತ ಕೇಳ್ತೀರಾ ಅಥವಾ ಭೌತಶಾಸ್ತ್ರದ ಪ್ರಾಕ್ಟಿಕಲ್ ಅಂತ ಕೇಳ್ತೀರಾ?

ಕೈವಾರ_ಕಾಂಟೆಂಪರರಿ
ಮೊದಲ ಸಲ ಎರಡನೇದು, ಆಮೇಲೆ ಮೊದಲನೇದು. ಕಷ್ಟ ಅನ್ನಿಸಿದರೆ ಜಪಾನಿನ ತಾಕೆಮಿತ್ಸುವಿನ 'ಪಾಥ್ಸ್' ಇಂದ ಶುರು ಮಾಡಿ. 1994ರದ್ದು, ಪೋಲೆಂಡಿನ ಸಂಯೋಜಕ ಲುಟೊಸ್ಲಾವ್‌ಸ್ಕಿಯ ನೆನಪಿಗೆ, ಹೋಕನ್ ಹಾರ್ಡನ್‌ಬರ್ಗರ್ ಅನ್ನೋ ಟ್ರಂಪೆಟ್ ವಾದಕನಿಗಾಗಿ. ಒಬ್ಬನೇ ವಾದಕ. ಒಂದು ಸಾಲು ಬರಿ ಬೆಲ್‌ನಲ್ಲಿ, ಅದಕ್ಕೆ ಉತ್ತರ ಹಾರ್ಮನ್ ಮ್ಯೂಟ್ (ಬೆಲ್ ಬಾಯಿಗೆ ತುರುಕೋ, ನಾದ ಅಡಗಿಸೋ ಮುಚ್ಚಳ) ಹಾಕಿಕೊಂಡು. ಇಬ್ಬರು ಮಾತಾಡಿಕೊಂಡ ಹಾಗೆ ಕೇಳುತ್ತೆ.

ಇದರಲ್ಲಿ ಕಷ್ಟ ಸ್ವರದ್ದಲ್ಲ, ಮ್ಯೂಟಿನದು. ಹಾರ್ಮನ್ ಮ್ಯೂಟ್‌ಗೆ ಸುತ್ತ ಪೂರ್ತಿ ಕಾರ್ಕ್ ಇರುತ್ತೆ, ಊದಿದ್ದೆಲ್ಲ ಮ್ಯೂಟ್ ಮೂಲಕವೇ ಹೋಗಬೇಕು. ಹಾಕಿದ ಕೂಡಲೇ ಶ್ರುತಿ ಏರುತ್ತೆ, ಉಸಿರಿಗೆ ತಡೆ ಬರುತ್ತೆ. ತೆಗೆದ ಕೂಡಲೇ ಎರಡೂ ಮಾಯ. ಸ್ಲೈಡ್ (ಶ್ರುತಿಗಾಗಿ ಒಳಗೆ ಹೊರಗೆ ಸರಿಸೋ ಕೊಳವೆ) ಎಳೆಯೋಕೆ ಪುರುಸೊತ್ತಿಲ್ಲ, ತುಟಿಯಲ್ಲೇ ಸಂಭಾಳಿಸಬೇಕು. ಮ್ಯೂಟ್ ಹಾಕುವ ಸದ್ದೂ ಬರಬಾರದು.

ಬ್ಯಾಟರಿ_ಟ್ಯೂನರ್
ಮ್ಯೂಟ್ ಬೀಳದಿರೋಕೆ: ಹಾಕೋ ಮುಂಚೆ ಬೆಲ್ ಒಳಗೆ ಬಾಯಿಂದ ಹಾ ಅಂತ ಬಿಸಿಯುಸಿರು ಬಿಡಿ, ತೇವಕ್ಕೆ ಕಾರ್ಕ್ ಹಿಡಿಯುತ್ತೆ. ಒತ್ತಿ ಒಂದೆಳೆ ತಿರುಗಿಸಿ. ತೀರಾ ಒತ್ತಿದರೆ ತೆಗೆಯುವಾಗ ಪಟ್ ಅನ್ನುತ್ತೆ. ಕಾರ್ಕ್ ನುಣುಪಾಗಿದ್ದರೆ ಸಣ್ಣ ಮರಳುಕಾಗದದಲ್ಲಿ ಎರಡೇ ಉಜ್ಜು. ಜಾಸ್ತಿ ಉಜ್ಜಿದರೆ ಮ್ಯೂಟ್ ಒಳಕ್ಕೆ ಇಳಿದು ಶ್ರುತಿನೇ ಬದಲಾಗುತ್ತೆ.

ಕುಡ್ಲ_ಕಾರ್ನೆಟ್
ಶ್ರುತಿ ಅಂದದ್ದಕ್ಕೆ ಹೇಳುವುದು ಮಾರಾಯ್ರೆ, ಬೇಸಿಗೆ ಶಿಬಿರ ಅಂದರೆ ಸೆಕೆಯದ್ದೇ ದೊಡ್ಡ ತಲೆಬಿಸಿ. ಕಛೇರಿ ಹೆಚ್ಚಾಗಿ ಇಗರ್ಜಿಯಂಥ ಜಾಗದಲ್ಲಿ ಇಡುವುದುಂಟು, ಆರ್ಗನ್ ಇರ್ತದೆ ಅಂತ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಆರ್ಗನ್ ಕೊಳವೆಯ ಶ್ರುತಿ ಸುಮಾರು 3 ಸೆಂಟ್ ಏರ್ತದೆ. 18 ಡಿಗ್ರಿಯಲ್ಲಿ 440 ಕಂಪನಕ್ಕೆ ಕೂರಿಸಿದ ಆರ್ಗನ್ 28 ಡಿಗ್ರಿಗೆ 447ರ ಹತ್ತಿರ ಹೋಗಿ ಕೂತಿರ್ತದೆ. ಟ್ರಂಪೆಟ್ ಅಷ್ಟು ಏರುವುದಿಲ್ಲ, ಯಾಕೆಂದರೆ ಒಳಗಿನ ಗಾಳಿ ಯಾವಾಗಲೂ ಊದುವವನ ಉಸಿರಿನಿಂದ ಅರ್ಧ ಬಿಸಿಯೇ. ಹಾಗಾಗಿ ಆರ್ಗನ್ ಜೊತೆ ಸ್ಲೈಡ್ ಒಳಗೆ ತಳ್ಳಬೇಕು. ಪಿಯಾನೊ ಇದ್ದರೆ ಉಲ್ಟಾ, ಅದು ಇದ್ದಲ್ಲೇ ಇರ್ತದೆ, ಇವರು ಏರ್ತಾರೆ, ಸ್ಲೈಡ್ ಹೊರಗೆ. ಒಂದೇ ಸಂಜೆಯಲ್ಲಿ ಎರಡೂ ಇದ್ದರೆ ಮುಗೀತು.

ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಮುಖ್ಯ ಸ್ಲೈಡ್ 1 ಸೆಂ.ಮೀ. ಎಳೆದರೆ ಕೊಳವೆ 2 ಸೆಂ.ಮೀ. ಉದ್ದವಾಗ್ತದೆ. ಬಿ-ಫ್ಲಾಟ್‌ನಲ್ಲಿ ಅದು ಸುಮಾರು 23 ಸೆಂಟ್ ಇಳಿಕೆ, ಪಿಕೊಲೊದಲ್ಲಿ 46. ಪಿಕೊಲೊಗೆ ಕೂದಲೆಳೆಯಷ್ಟು ಸರಿಸಿದರೂ ಗೊತ್ತಾಗುವುದು ಅದಕ್ಕೇ.

ಸಾದಾ_ಸೀದಾ
ನಡುವೆ ನೆಲಕ್ಕೆ ಎಂಜಲು ಸುರೀತಾರಲ್ಲ, ಅದನ್ನೂ ವಿವರಿಸಿ ಪುಣ್ಯ ಕಟ್ಟಿಕೊಳ್ಳಿ 😀

ಕುಡ್ಲ_ಕಾರ್ನೆಟ್
ಎಂಜಲು ಅಲ್ಲ, ಬಹುಪಾಲು ಉಸಿರಿನ ತೇವ ತಣ್ಣಗಿನ ಹಿತ್ತಾಳೆಗೆ ತಾಗಿ ನೀರಾದದ್ದು. ಕೆಳಗಿನ ತಿರುವಿನಲ್ಲಿ ನಿಲ್ತದೆ, ಖಾಲಿ ಮಾಡದಿದ್ದರೆ ಸ್ವರದಲ್ಲಿ ಗುಳುಗುಳು. ಪಕ್ಕದಲ್ಲಿ ಸುಮ್ಮನೆ ಇಟ್ಟ ವಾದ್ಯ ತಣ್ಣಗಾಗ್ತದೆ, ಎತ್ತಿದ ಕೂಡಲೇ ಶ್ರುತಿ ಕೆಳಗೆ, ನೀರೂ ಬೇಗ. ಬದಲಿಸುವ ಮೊದಲು ಸದ್ದಿಲ್ಲದೆ ಬಿಸಿಯುಸಿರು ಬಿಡುವುದು ಇದಕ್ಕೇ. ನೆಲಕ್ಕೆ ಒಂದು ಟವಲ್ ಹಾಕಿದರೆ ಮರ್ಯಾದೆ.

ಸರಿಗಮ_ತುತ್ತೂರಿ
ಮೇಷ್ಟ್ರುಗಳೆಲ್ಲ ಒಟ್ಟಿಗೆ ಊದೋ ಕೃತಿಗಳ ಬಗ್ಗೆ ಯಾರೂ ಹೇಳಲಿಲ್ಲ. ಇಂಥ ಶಿಬಿರದ ಸ್ವಾರಸ್ಯ ಅದೇ, ಇಷ್ಟು ಜನ ಪಳಗಿದ ಟ್ರಂಪೆಟ್‌ನವರು ಒಂದೇ ಕಡೆ ಬೇರೆ ಎಲ್ಲಿ ಸಿಗ್ತಾರೆ? ಬಿಬರ್‌ನ ಸಾಂಕ್ಟಿ ಪೊಲಿಕಾರ್ಪಿ ಸೊನಾಟಾಗೆ ಎಂಟು ಟ್ರಂಪೆಟ್ ಬೇಕು. ಆಲ್ಟೆನ್‌ಬುರ್ಗ್‌ನ ಕನ್ಚರ್ಟೊಗೆ ಏಳು ಮತ್ತು ಟಿಂಪನಿ ಅನ್ನೋ ನಗಾರಿ. ಬೆಂಜಮಿನ್ ಬ್ರಿಟನ್ 1959ರಲ್ಲಿ ಬರೆದ ಸೇಂಟ್ ಎಡ್ಮಂಡ್ಸ್‌ಬರಿ ಫ್ಯಾನ್‌ಫೇರ್‌ಗೆ ಮೂವರು ಸಾಕು. ಮೂವರೂ ದೂರ ದೂರ ನಿಂತು ಒಬ್ಬೊಬ್ಬರಾಗಿ ತಮ್ಮ ತಮ್ಮ ಮಾತು ಹೇಳ್ತಾರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ. ಕೊನೆಗೆ ಮೂರನ್ನೂ ಒಟ್ಟಿಗೆ ಊದಿದಾಗ ಒಂದರೊಳಗೊಂದು ಕೂತುಬಿಡುತ್ತೆ. ಇದನ್ನು ಮಾತ್ರ ರೆಕಾರ್ಡಿಂಗ್‌ನಲ್ಲಿ ಕೇಳಬೇಡಿ, ದೂರವೇ ಸಿಗಲ್ಲ.

20 ಮೀಟರ್ ದೂರ ನಿಂತರೆ ಸದ್ದು ಬರೋಕೆ ಸುಮಾರು 58 ಮಿಲಿಸೆಕೆಂಡ್ ತಡ. ಕಿವಿ ನಂಬಿ ಸೇರಿಕೊಂಡರೆ ಹಿಂದೆ ಬೀಳ್ತಾರೆ. ಹಾಗಾಗಿ ಮುಂದಾಳಿನ ಬೆಲ್ ಎತ್ತುವಿಕೆ, ಉಸಿರೆಳೆಯೋದು ನೋಡಿಕೊಂಡೇ ಹೊರಡಬೇಕು.

ಬ್ಯಾಟರಿ_ಟ್ಯೂನರ್
ಎರಡು ಟ್ರಂಪೆಟ್ ಜೊತೆಯಾಗಿ ಗಟ್ಟಿಯಾಗಿ ಊದುವಾಗ ಮೂರನೇ ಸ್ವರವೊಂದು ಕಿವಿಯೊಳಗೆ ಗುಂಯ್ ಅನ್ನುತ್ತಲ್ಲ, ಅದೂ ಇದೆ. 880 ಮತ್ತು 1100 ಕಂಪನ ಒಟ್ಟಿಗೆ ಬಂದರೆ ವ್ಯತ್ಯಾಸ 220, ಎರಡು ಸ್ಥಾಯಿ ಕೆಳಗಿನ ಅದೇ ಸ್ವರ, ಗಟ್ಟಿ ತಳಪಾಯ ಹಾಕಿದಂತೆ ಕೇಳುತ್ತೆ. ಪಿಯಾನೊ ಲೆಕ್ಕದ 1108.7 ಊದಿದರೆ ವ್ಯತ್ಯಾಸ 228.7, ಯಾವ ಸ್ವರಕ್ಕೂ ಸೇರದ ಗೊರಗೊರ. ಮೇಲಿನ ಗಾಂಧಾರ ಹಿಡಿದವರು 14 ಸೆಂಟ್ ಇಳಿಸಿದ ಕ್ಷಣ ಅದು ನಿಲ್ಲುತ್ತೆ. ಟ್ಯೂನರ್ ಯಂತ್ರ ನೋಡಿಕೊಂಡು ಕೂತವರಿಗೆ ಇದು ಬರಲ್ಲ.

ರಂಧ್ರ_ವಿರೋಧಿ
ಅಪರೂಪಕ್ಕೆ ಒಪ್ಪಿದೆ. ನಿಮ್ಮ ಹೆಸರಿಗೆ ಮಾತ್ರ ಹೊಂದಲ್ಲ.

ಕೆರೆಕೋಡಿ_ಕಿಟ್ಟಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್‌ನಲ್ಲಿ ಗಮಕ ತಂದರು. ಟ್ರಂಪೆಟ್‌ನಲ್ಲಿ ಆಗಲ್ವಾ? ಮೂರನೇ ವಾಲ್ವ್‌ನ ಸ್ಲೈಡ್ ಉಂಗುರ ಬೆರಳಲ್ಲಿ ಎಳೀತಾರಲ್ಲ, ಅದನ್ನೇ ಅಲ್ಲಾಡಿಸಿದರೆ?

ಪಿಸ್ಟನ್_ಪಾಪಣ್ಣ
ಸ್ಲೈಡ್‌ನಿಂದ ಆಗಲ್ಲ ಕಿಟ್ಟಪ್ಪ. ಅದು ಇರೋದು ಬೇರೆ ರೋಗಕ್ಕೆ. 1 ಮತ್ತು 3 ಒಟ್ಟಿಗೆ ಒತ್ತಿದರೆ ಕೊಳವೆ ಬೇಕಾದ್ದಕ್ಕಿಂತ ಗಿಡ್ಡ ಉಳಿಯುತ್ತೆ, ಲೆಕ್ಕದ ಪ್ರಕಾರ ಸ್ವರ 30 ಸೆಂಟ್ ಏರು. ಮೂರೂ ಒತ್ತಿದರೆ 50ರ ಮೇಲೆ. ಮೊದಲನೇದಕ್ಕೆ ಸ್ಲೈಡ್ ಸುಮಾರು 1.7 ಸೆಂ.ಮೀ., ಎರಡನೇದಕ್ಕೆ 3 ಸೆಂ.ಮೀ. ಚಿಲ್ಲರೆ ಎಳೀಬೇಕು. ತಯಾರಕರು ಮೂರನೇ ಕೊಳವೆಯನ್ನೇ ಸ್ವಲ್ಪ ಉದ್ದ ಮಾಡಿರ್ತಾರೆ, ಹಾಗಾಗಿ ವಾಸ್ತವದಲ್ಲಿ ಇನ್ನೂ ಕಮ್ಮಿ ಸಾಕು. ಗಮಕಕ್ಕೆ ಅರ್ಧ ಸ್ವರ ಪೂರ್ತಿ ಜಾರಬೇಕು ಅಂದರೆ 5 ಸೆಂ.ಮೀ. ಎಳೆತ, ಅಷ್ಟು ದೂರ ಬೆರಳೂ ಹೋಗಲ್ಲ, ಸ್ಲೈಡೂ ಹೋಗಲ್ಲ. ಮೇಲಾಗಿ ಮೂರನೇ ವಾಲ್ವ್ ಒತ್ತಿದ ಸ್ವರಕ್ಕಷ್ಟೇ ಅದು ಲಾಗೂ.

ಕುಡ್ಲ_ಕಾರ್ನೆಟ್
ಸ್ಲೈಡ್ ಬಿಡಿ, ವಾಲ್ವ್ ಅರ್ಧ ಒತ್ತಿ ತುಟಿಯಲ್ಲಿ ಜಾರಿಸಿದರೆ ಜಾರು ಬರ್ತದೆ. ನಾದ ಮಾತ್ರ ಮೂಗು ಕಟ್ಟಿದ ಹಾಗೆ. ನಿಧಾನದ ಕಂಪಿತಕ್ಕೆ ತುಟಿ ಸಾಕು, ಮಧ್ಯಸ್ಥಾಯಿಯಲ್ಲಿ ಅರ್ಧ ಸ್ವರ ಬಗ್ಗಿಸುವುದು ಪಾಠದಲ್ಲೇ ಉಂಟು.

ಕೆರೆಕೋಡಿ_ಕಿಟ್ಟಿ
ಸರಿ. ಕಲಿಯೋಕೆ ಮೀರತ್‌ನ ವಾದ್ಯ ತಗೊಂಡರೆ ನಡೆಯುತ್ತಾ? ಮದುವೆ ಬ್ಯಾಂಡ್‌ನವರು ಅದನ್ನೇ ಊದ್ತಾರೆ.

ಬ್ಯಾಟರಿ_ಟ್ಯೂನರ್
ಊರು ನೋಡಬೇಡಿ, ವಾಲ್ವ್ ನೋಡಿ. ಎರಡನೇ ವಾಲ್ವ್‌ನ ಸಣ್ಣ ಸ್ಲೈಡನ್ನು ವಾಲ್ವ್ ಒತ್ತದೆ ಹೊರಗೆಳೆಯಿರಿ. ಪಟ್ ಅಂತ ಸದ್ದು ಬಂದರೆ ಗಾಳಿ ಸೋರುತ್ತಿಲ್ಲ. ಸದ್ದೇ ಇಲ್ಲದಿದ್ದರೆ ವಾಲ್ವ್ ಸವೆದಿದೆ, ಬಿಟ್ಟುಬಿಡಿ. ಆಮೇಲೆ ಮೂರೂ ವಾಲ್ವ್ ಒಂದೊಂದಾಗಿ ಒತ್ತಿ ಬಿಡಿ, ಓರೆಯಾಗಿ ಒತ್ತಿದರೂ ಅಂಟದೆ ಮೇಲೆ ಬರಬೇಕು. ಪಿಕೊಲೊ, ಸಿ, ಇ-ಫ್ಲಾಟ್ ಯಾವುದನ್ನೂ ಈಗ ಯೋಚಿಸಬೇಡಿ, ಬಿ-ಫ್ಲಾಟ್ ಒಂದು ಸಾಕು.

ಎಣ್ಣೆ ಹಾಕೋದು: ಮೇಲಿನ ತಿರುಪು ಬಿಚ್ಚಿ ವಾಲ್ವ್ ಅರ್ಧ ಎತ್ತಿ ಮೂರು ನಾಲ್ಕು ಹನಿ, ವಾಪಸ್ ಇಳಿಸಿ, ಟಿಕ್ ಅಂತ ಕೂರೋವರೆಗೆ ನಿಧಾನ ತಿರುಗಿಸಿ. ವಾಲ್ವ್ ಮೇಲೆ 1, 2, 3 ಅಂತ ಕೆತ್ತಿರುತ್ತೆ, ಅದಲುಬದಲಾದರೆ ಊದಿದ ಗಾಳಿ ಆಚೆಗೇ ಹೋಗಲ್ಲ. ವಾದ್ಯ ಕೆಟ್ಟಿತು ಅಂತ ಅಂಗಡಿಗೆ ತರೋದರಲ್ಲಿ ಇದೇ ಸಾಮಾನ್ಯ.

ಹಿತ್ತಾಳೆ_ಕಿವಿ
ಶೇಕರ್‌ಗಳ ವಿಷಯ ಯಾರೂ ಎತ್ತಲಿಲ್ಲ. 1793ರಲ್ಲಿ ಎನ್‌ಫೀಲ್ಡ್‌ನಲ್ಲಿ ನೆಲೆ ನಿಂತ ಆ ಪಂಥದವರು ಬಹಳ ಕಾಲ ಆರಾಧನೆಯಲ್ಲಿ ವಾದ್ಯವನ್ನೇ ಸೇರಿಸಿದವರಲ್ಲ, ಬರೀ ಕೊರಳು. ಅವರು 1841ಕ್ಕೆ ಮುಗಿಸಿದ ದೊಡ್ಡ ಕಲ್ಲುಮನೆ ಇರೋ ಊರಲ್ಲೇ ಆಮೇಲೆ ಟ್ರಂಪೆಟ್ ಶಿಬಿರ!

ಕೇಳುಗ_ಕೆಂಗೇರಿ
ಚೆನ್ನಾಗಿದೆ ಇದು. ಕೊನೆಯದೊಂದು: ಹಗಲು ಪಾಠ ಮಾಡಿ ಸಂಜೆ ಊದೋರು ತುಟಿ ಹೇಗೆ ಉಳಿಸಿಕೊಳ್ತಾರೆ?

ಸರಿಗಮ_ತುತ್ತೂರಿ
ಪಟ್ಟಿ ಹಾಕೋದರಲ್ಲೇ ಅರ್ಧ ಕೆಲಸ. ಒಬ್ಬರಿಗೇ ಎರಡು ಕೃತಿ ಒಂದರ ಹಿಂದೊಂದು ಇಡಲ್ಲ. ಪಿಕೊಲೊ ಊದಿದವರಿಗೆ ಮುಂದಿನದು ಮೆಲ್ಲಗೆ ಕೆಳಸ್ಥಾಯಿಯಲ್ಲಿ ಶುರುವಾಗೋ ಕೃತಿ ಕೊಡಬಾರದು. ತುಟಿ ಬಿಗಿದಿರುತ್ತೆ, ಮೊದಲ ಸ್ವರ ಬರೀ ಗಾಳಿಯಾಗಿ ಹೋಗುತ್ತೆ. ನಡುವೆ ಬಿಡುವಿದ್ದರೆ ಹೊರಗೆ ಹೋಗಿ ಮೂರು ನಾಲ್ಕು ನಿಮಿಷ ಕೆಳಗಿನ ಸ್ವರಗಳನ್ನು ಮೆಲ್ಲಗೆ, ಉದ್ದಕ್ಕೆ ಊದಿ ಬರ್ತಾರೆ. ಸಾಯಂಕಾಲದ ಪಾಠದಲ್ಲಿ ಊದಿ ತೋರಿಸೋ ಬದಲು ಹಾಡಿ ತೋರಿಸ್ತಾರೆ. ಕಛೇರಿ ಮುಗಿದಮೇಲೂ ಅದೇ ಕೆಳಗಿನ ಸ್ವರಗಳು, ಇಲ್ಲದಿದ್ದರೆ ಮರುದಿನ ಬೆಳಗ್ಗೆ ತುಟಿ ಮರದ ಹಲಗೆ.

ಕೆರೆಕೋಡಿ_ಕಿಟ್ಟಿ
ಪಕ್ಕದ ಮನೆಯವರ ಹಳೇ ಟ್ರಂಪೆಟ್ ಸಿಕ್ಕಿದೆ, ಮೌತ್‌ಪೀಸ್ ಕಚ್ಚಿಕೊಂಡು ಕೂತಿದೆ. ಇಕ್ಕಳ ಹಾಕಲಾ?

ಬ್ಯಾಟರಿ_ಟ್ಯೂನರ್
ಬೇಡವೇ ಬೇಡ! ಇಕ್ಕಳ ತಿರುಚಿದರೆ ಮುಂಗೊಳವೆಯ ಬೆಸುಗೆ ಬಿಡುತ್ತೆ. ಅದಕ್ಕಂತಲೇ ಎಳೆಯೋ ಸಾಧನ ಇರುತ್ತೆ, ವಾದ್ಯ ರಿಪೇರಿ ಮಾಡೋರ ಹತ್ತಿರ ಎರಡು ನಿಮಿಷದ ಕೆಲಸ. ಇನ್ನುಮುಂದೆ ಕೂರಿಸುವಾಗ ಅಂಗೈಯಿಂದ ಗುದ್ದಬೇಡಿ, ಇಟ್ಟು ಕಾಲು ಸುತ್ತು ತಿರುಗಿಸಿ ಸಾಕು.